ಬರಿಗಾಲಿನಲ್ಲಿ ಹತ್ತಿದ ಬೆಟ್ಟ

ಬಡವನಹಳ್ಳಿಯ ಆ ಮನೆಯಲ್ಲಿ ಚಿಕ್ಕನರಸಯ್ಯನ ಚಪ್ಪಲಿಯ ಬಗ್ಗೆ ದಿನಕ್ಕೊಂದು ಜಗಳ ಆಗಲೇಬೇಕಿತ್ತು. ಕಪ್ಪು ಬಣ್ಣದ, ಮೆತ್ತನೆ ರಬ್ಬರಿನ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ. ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ್ದು. ಎರಡು ವರ್ಷದ ಹಿಂದೆ ತುಮಕೂರಿನ ಡಾಕ್ಟರೊಬ್ಬರು ಅವನ ಅಂಗಾಲಿಗೆ ಸೂಜಿಯ ಮೊನೆ ತಾಗಿಸಿ "ಗೊತ್ತಾಗ್ತಾ ಇದೆಯಾ?" ಎಂದು ಕೇಳಿದಾಗ ಮುದುಕ "ಏನು?" ಎಂದು ತಿರುಗಿ ಕೇಳಿದ್ದ. ಇನ್ನು ಮನೆಯೊಳಗೂ ಬರಿಗಾಲಲ್ಲಿ ಓಡಾಡಕೂಡದು ಎಂದು ಅವತ್ತೇ ಅಪ್ಪಣೆಯಾಯಿತು. ಅಂದಿನಿಂದ ಅಡುಗೆಮನೆಗೂ ಚಪ್ಪಲಿ ಹಾಕಿಕೊಂಡೇ ಬರುತ್ತಿದ್ದ. ಅವನ ಹೆಂಡತಿ ಮಾರಕ್ಕನಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

"ಅನ್ನ ಬೇಯೋ ಜಾಗಕ್ಕೆ ಮೆಟ್ಟು ಹಾಕ್ಕಂಡು ಬತ್ತೀಯಲ್ಲ, ನಾಚ್ಕೆ ಆಗಾಕಿಲ್ವಾ ನಿಂಗೆ?"

"ಡಾಕ್ಟ್ರುನ್ನ ಕೇಳು ಓಗು."

"ಡಾಕ್ಟ್ರು ಬಂದು ನಿಂಗೆ ಮುದ್ದೆ ತೊಳಸಿ ಇಕ್ತಾನಾ?"

ಸೊಸೆ ರಾಧಾಮಣಿ ಮಾವನ ಪರ. ಅಂಗನವಾಡಿಯಲ್ಲಿ ದಿನವಿಡೀ ಮಕ್ಕಳ ಉಗುರು, ತಲೆಯ ಹೇನು ನೋಡುವವಳು, ಸಂಜೆ ಊಟಕ್ಕೆ ಮೊದಲು ಮಾವನ ಎರಡೂ ಅಂಗಾಲನ್ನು ಟಾರ್ಚು ಬಿಟ್ಟು ನೋಡುತ್ತಿದ್ದಳು. ಮುಳ್ಳು ಹೊಕ್ಕರೂ ಅವನಿಗೆ ತಿಳಿಯದಲ್ಲ, ಬೇರೆಯವರು ತಿಳಿದುಕೊಳ್ಳಬೇಕು. ಮಗ ಮುತ್ತುರಾಜ್ ಸರ್ಕಾರಿ ಶಾಲೆಯ ಮೇಷ್ಟ್ರು. ಈ ಜಗಳಗಳಲ್ಲಿ ಅವನು ಬಾಯಿ ಹಾಕುತ್ತಿರಲಿಲ್ಲ. ಪೇಪರು ಓದುತ್ತ ನಗುತ್ತಿದ್ದ.

ಬೆಟ್ಟಕ್ಕೆ ಹೋಗುವ ಮಾತು ಎತ್ತಿದವಳು ಮೊಮ್ಮಗಳು ಸಹನಾ. ಮಧುಗಿರಿಯಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದಳು. ಬೇಸಿಗೆಯಲ್ಲಿ ಬೆಟ್ಟಗಳಲ್ಲಿ ಅರಳುವ ಇಪ್ಪತ್ತೈದು ಕಾಡು ಹೂಗಳನ್ನು ಹುಡುಕಿ, ಫೋಟೊ ತೆಗೆದು, ಊರಿನವರು ಕರೆಯುವ ಹೆಸರು ಬರೆದು ಪ್ರಾಜೆಕ್ಟು ಕೊಡಬೇಕಿತ್ತು. ತಾತ ಅರಣ್ಯ ಇಲಾಖೆಯಲ್ಲಿ ಮೂವತ್ತು ವರ್ಷ ವಾಚರ್ ಆಗಿದ್ದವನು. ಕೊರಟಗೆರೆ ಕಡೆಯ ಬೆಟ್ಟಗಳ ಒಂದೊಂದು ಗಿಡವೂ ಅವನಿಗೆ ನೆಂಟರಿದ್ದ ಹಾಗೆ.

"ಪುಸ್ತಕ ನೋಡಿ ಏನು ಬರೀತೀಯ? ಕೊಳಾಲದ ಆಚೆ ಗವಿಬೆಟ್ಟಕ್ಕೆ ಕರ್ಕಂಡು ಓಗು ನನ್ನ," ಅಂದ. "ಒಂದು ಮಳೆ ಬಿದ್ದೈತೆ. ಬಿಕ್ಕೆ, ಕವಳೆ, ಕಕ್ಕೆ, ಅಡವಿ ಮಲ್ಲಿಗೆ, ಎಲ್ಲ ಈಗ್ಲೇ ಬುಡೋದು."

"ಹತ್ತಕ್ಕೆ ಆಗುತ್ತಾ ತಾತ?"

"ನಿನ್ನ ಅಪ್ಪನ್ನ ಎತ್ಕಂಡು ಹತ್ತಿದ್ದೆ ಕಣಮ್ಮ."

ಮುತ್ತುರಾಜ್ ಈ ಸುದ್ದಿಯನ್ನು ಶಾಲೆಯಲ್ಲಿ ಊಟದ ಹೊತ್ತಿಗೆ ಹೇಳಿದ. ಹೆಡ್‌ಮಾಸ್ಟರ್ ಮಹಾಲಿಂಗಯ್ಯನವರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು, "ಗವಿಬೆಟ್ಟನಾ? ಅದು ನಮ್ಮ ಮನೆದೇವರು ಕಣ್ರೀ. ನಾವೂ ಬರ್ತೀವಿ, ಓಮ್ನಿ ಮಾಡೋಣ" ಅಂದರು. ಮುತ್ತುರಾಜನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇದಕ್ಕೆ ಮುಂಚೆ ಅವನಿದ್ದದ್ದು ಗಡಿಯ ಕಡೆಯ ಒಂದು ಶಾಲೆಯಲ್ಲಿ. ಅಲ್ಲಿ ಏಳು ವರ್ಷ ಅವನನ್ನು ಯಾರೂ ಏನೂ ಅಂದಿರಲಿಲ್ಲ, ಅವನ ಲೋಟ ಮಾತ್ರ ಕಿಟಕಿಯ ಮೇಲೆ ಬೇರೆಯಾಗಿ ಇರುತ್ತಿತ್ತು. ಇಲ್ಲಿಗೆ ಬಂದ ಎರಡನೇ ದಿನವೇ ಮಹಾಲಿಂಗಯ್ಯನವರು ತಮ್ಮ ಡಬ್ಬಿಯ ಚಟ್ನಿಪುಡಿಯನ್ನು ತಮ್ಮ ಕೈಯಿಂದಲೇ ಅವನ ತಟ್ಟೆಗೆ ಹಾಕಿದ್ದರು. ಆ ಒಂದು ಚಮಚ ಚಟ್ನಿಪುಡಿಯನ್ನು ಕಳೆದುಕೊಳ್ಳುವ ಭಯ ಅವನಿಗೆ ಅಂದಿನಿಂದ ಶುರುವಾಗಿತ್ತು.

ಏಪ್ರಿಲ್ ತಿಂಗಳ ಮೂರನೇ ಭಾನುವಾರ ಹೊರಟರು. ಮಾರಕ್ಕ ಮಂಡಿನೋವೆಂದು ಮನೆಯಲ್ಲೇ ಉಳಿದಳು. ಬೆಟ್ಟದ ಬುಡದಲ್ಲಿ ಇಳಿಯುತ್ತಿದ್ದಂತೆ ಮಹಾಲಿಂಗಯ್ಯನವರೂ ಅವರ ಹೆಂಡತಿ ದಾಕ್ಷಾಯಣಮ್ಮನವರೂ ಚಪ್ಪಲಿಗಳನ್ನು ಸೀಟಿನ ಕೆಳಗೆ ತಳ್ಳಿದರು.

"ನಮ್ಮ ಮನೆಯೋರು ಬುಡದಿಂದ್ಲೇ ಬರಿಗಾಲಲ್ಲಿ ಹತ್ತೋದು ರೂಢಿ," ಎಂದು ದಾಕ್ಷಾಯಣಮ್ಮ ರಾಧಾಮಣಿಗೆ ಹೇಳಿದರು. "ನಿಮಗೇನಿಲ್ಲ, ಹಾಕ್ಕೊಂಡು ಬನ್ನಿ."

ಅವರು ಬಿಚ್ಚಿದ ಮೇಲೆ ತಾವು ಹಾಕಿಕೊಂಡರೆ ಚೆನ್ನಾಗಿರುವುದಿಲ್ಲವೆಂದು ರಾಧಾಮಣಿಯೂ ಸಹನಾಳೂ ಬಿಚ್ಚಿದರು. ಹೆಂಗಸರು ಮೂವರೂ ಮುಂದೆ ಹೊರಟರು. ಹೋಗುವಾಗ ರಾಧಾಮಣಿ ಗಂಡನ ಹತ್ತಿರ ಬಂದು, "ಮಾವ ಹಾಕ್ಕೊಂಡೇ ಬರ್ಲಿ ರೀ. ನೋಡ್ಕೊಳ್ಳಿ" ಅಂದಳು. ಮುತ್ತುರಾಜ್ ತಲೆಯಾಡಿಸಿದ. ಮಹಾಲಿಂಗಯ್ಯನವರು ಆಚೆ ಬಾಗಿಲಲ್ಲಿ ಬಗ್ಗಿ ಬುತ್ತಿಯ ಚೀಲ ಇಳಿಸಿಕೊಳ್ಳುತ್ತಿದ್ದರು. ಚಿಕ್ಕನರಸಯ್ಯ ಆಗಲೇ ಕಪ್ಪು ಚಪ್ಪಲಿಯಲ್ಲಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ.

"ಅಪ್ಪಾ, ಬಿಚ್ಚು," ಮುತ್ತುರಾಜ್ ಪಿಸುಗುಟ್ಟಿದ.

"ಏನ?"

"ಚಪ್ಪಲಿ. ಎಲ್ರೂ ಬಿಚ್ಚವ್ರೆ."

"ಡಾಕ್ಟ್ರು ಏಳಿಲ್ವೇನ್ಲಾ ನಂಗೆ?"

"ಗೊತ್ತು ಕಣಪ್ಪ. ಒಂದಿನಕ್ಕೆ ಏನೂ ಆಗಲ್ಲ. ಅವ್ರ ಮನೆದೇವ್ರ ಬೆಟ್ಟಕ್ಕೆ ನಮ್ಮೋರು ಮೆಟ್ಟು ಹಾಕ್ಕಂಡು ಬಂದ್ರು ಅನ್ನಿಸ್ಕೋಬೇಕಾ? ಹೆಡ್‌ಮಾಷ್ಟ್ರು ಮುಂದೆ ನನ್ನ ಮರ್ಯಾದೆ ಕಳೀಬ್ಯಾಡ."

ಮುದುಕ ಮಗನ ಮುಖ ನೋಡಿದ. ಮೂವತ್ತು ವರ್ಷ ಇಲಾಖೆಯ ಬೂಟು ಹಾಕಿಕೊಂಡು ಇದೇ ಬೆಟ್ಟ ಸುತ್ತಿದವನು ಅವನು. ಮರ ಕಡಿಯುವವರನ್ನು ಬೆನ್ನಟ್ಟಿ ಗವಿಯ ಬಾಗಿಲವರೆಗೆ ಬೂಟಿನಲ್ಲೇ ಹೋಗಿದ್ದ. ಅದನ್ನು ಹೇಳಬಹುದಿತ್ತು, ಹೇಳಲಿಲ್ಲ. ಮೆಟ್ಟಿಲ ಮೇಲೆ ಕೂತು ಪಟ್ಟಿ ಬಿಚ್ಚಿದ. ಮುತ್ತುರಾಜ್ ಆ ಚಪ್ಪಲಿಗಳನ್ನು ತಾನೇ ತೆಗೆದುಕೊಂಡು ಹೋಗಿ ಓಮ್ನಿಯಲ್ಲಿಟ್ಟ. ಡ್ರೈವರ್ ಗಾಡಿಯನ್ನು ಊರೊಳಗೆ ಟೀ ಅಂಗಡಿಯ ನೆರಳಿಗೆ ತೆಗೆದುಕೊಂಡು ಹೋದ.

ಅರ್ಧ ಬೆಟ್ಟದಲ್ಲಿ ರಾಧಾಮಣಿ ತಿರುಗಿ ನೋಡಿ ಗಾಬರಿಯಾದಳು. "ಮಾವ! ಚಪ್ಪಲಿ ಎಲ್ಲಿ?"

"ದೇವ್ರ ಬೆಟ್ಟ ಕಣಮ್ಮ. ನಾನೇ ಬಿಚ್ಚಿದೆ," ಅಂದ ಚಿಕ್ಕನರಸಯ್ಯ. ಮಗನ ಕಡೆ ನೋಡಲೂ ಇಲ್ಲ. ತರಿಸೋಣವೆಂದರೆ ಗಾಡಿಯೂ ಬುಡದಲ್ಲಿರಲಿಲ್ಲ.

ಬೆಳಿಗ್ಗೆ ಬಂಡೆ ಇನ್ನೂ ತಣ್ಣಗಿತ್ತು. ಮುದುಕನ ಉತ್ಸಾಹ ನೋಡಬೇಕಿತ್ತು. ಅಲ್ಲಿ ನೋಡು ಕಕ್ಕೆ, ಮರದ ತುಂಬ ಹಳದಿ ಸರ ಇಳಿಬಿಟ್ಟಿದೆ. ಇದು ತಂಗಡಿ, ಇದು ವರ್ಷವೆಲ್ಲ ಇರುತ್ತೆ, ಕೊನೆಗೆ ಬರಕೋ. ಬಗ್ಗಿ ಮೂಸು, ಮಲ್ಲಿಗೆ ವಾಸನೆ ಬಂತಾ, ಆದರೆ ಇದು ಮಲ್ಲಿಗೆಯಲ್ಲ, ಕವಳೆ. ಗವಿಯ ಮುಂದಿನ ಆಲದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ದಾಕ್ಷಾಯಣಮ್ಮ ರಾಧಾಮಣಿಯ ಚಿತ್ರಾನ್ನಕ್ಕೆ ಕೈ ಹಾಕಿ ಬಾಯಿಗಿಡುವವರೆಗೂ ಮುತ್ತುರಾಜ್ ಆ ಕೈಯನ್ನೇ ನೋಡುತ್ತಿದ್ದ. ಅವರು ಎರಡನೇ ಸಲ ಹಾಕಿಸಿಕೊಂಡರು. ಅವತ್ತು ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು.

ಇಳಿಯುವಾಗ ಹನ್ನೆರಡೂವರೆ ದಾಟಿತ್ತು. ಬಂಡೆ ಕಾದ ಹೆಂಚಾಗಿತ್ತು. ಮಹಾಲಿಂಗಯ್ಯನವರು "ಅಯ್ಯಯ್ಯೋ" ಎನ್ನುತ್ತ ಹುಲ್ಲಿನಿಂದ ಹುಲ್ಲಿಗೆ ಹಾರಿದರು. ದಾಕ್ಷಾಯಣಮ್ಮ ಟವೆಲು ಹಾಸಿಕೊಂಡು ಅದರ ಮೇಲೆ ನಿಂತರು. ರಾಧಾಮಣಿ ಬುತ್ತಿಯ ಚೀಲ ಹಿಡಿದು ಎಲ್ಲರಿಗಿಂತ ಮುಂದೆ ಓಡಿ ಇಳಿದಿದ್ದಳು. ಮುತ್ತುರಾಜ್ ಕುಣಿಯುತ್ತಲೇ ಇಳಿದ. ಚಿಕ್ಕನರಸಯ್ಯ ಮಾತ್ರ ನಿಧಾನವಾಗಿ, ಕೈ ಹಿಂದೆ ಕಟ್ಟಿಕೊಂಡು ಬಂಡೆಯ ನಡುವೆ ನಡೆದುಬಂದ.

"ನೋಡಿ ಮುತ್ತುರಾಜ್ ನಿಮ್ಮ ತಂದೇನ! ಒಳ್ಳೆ ಸಿದ್ಧಪುರುಷರ ಹಂಗೆ ಬರ್ತಾವ್ರೆ," ಎಂದು ಮಹಾಲಿಂಗಯ್ಯನವರು ನಕ್ಕರು. ಮುತ್ತುರಾಜನೂ ನಕ್ಕ. ಆ ಗಳಿಗೆಯಲ್ಲಿ ಅವನಿಗೆ ಹೆಮ್ಮೆಯೇ ಆಯಿತು. ಮುಂದೆ ಎಷ್ಟೋ ದಿನ ಅವನನ್ನು ತಿಂದದ್ದು ಆ ನಗುವೇ.

ಬಂಡೆಯ ಸಂದಿನಲ್ಲಿ ಒಂದು ಬಿಕ್ಕೆ ಗಿಡ ಬೆಳ್ಳಗೆ ಹೂ ಬಿಟ್ಟಿತ್ತು. ಸಹನಾ ದಾರಿಯಂಚಿನ ಹುಲ್ಲಿನ ಮೇಲೆ ನಿಂತು, "ತಾತ, ಅಲ್ಲೇ ನಿಂತ್ಕೋ, ರೆಂಬೆ ಹಿಡ್ಕೋ, ವಿಡಿಯೊ ಮಾಡ್ತೀನಿ" ಎಂದಳು. ಅವನು ನಿಂತ. ಬಿಕ್ಕೆ ಬೆಳಿಗ್ಗೆ ಅರಳಿದಾಗ ಬಿಳಿ, ಬಾಡುವ ಹೊತ್ತಿಗೆ ಹಳದಿ, ಕಾಯಿಯನ್ನು ಸುಟ್ಟುಕೊಂಡು ತಿನ್ನುತ್ತಿದ್ದೆವು ಎಂದು ಹೇಳುತ್ತಲೇ ಹೋದ. ಕಾಲು ಗಂಟೆ ಆಗಿರಬಹುದು.

ಆ ಸಂಜೆ ದಣಿದಿದ್ದ ರಾಧಾಮಣಿ ಟಾರ್ಚು ತೆಗೆಯಲಿಲ್ಲ. ಮಾರನೇ ದಿನ ಅಂಗನವಾಡಿಗೆ ಮೇಲಿನವರು ಬಂದಿದ್ದರು, ಆಗಲಿಲ್ಲ. ಮಂಗಳವಾರ ಬೆಳಿಗ್ಗೆ ಒರೆಸಿದ ನೆಲದ ಮೇಲೆ ಮಾವ ನಡೆದ ಕಡೆಯಲ್ಲೆಲ್ಲ ಚಪ್ಪಲಿಯಿಂದ ಸೋರಿದ ಹಳದಿ ನೀರಿನ ಕಲೆ ಕಾಣಿಸಿತು. ಕೂರಿಸಿ ಕಾಲೆತ್ತಿ ನೋಡಿದರೆ ಎಡಗಾಲು ಕೆಂಪಾಗಿತ್ತಷ್ಟೆ, ಬಲಗಾಲಿನ ಹೆಬ್ಬೆರಳಿನಿಂದ ಅಂಗಾಲಿನ ಅರ್ಧದವರೆಗೆ ಗುಳ್ಳೆಯೆದ್ದು ಒಡೆದು ಚರ್ಮ ಸುಲಿದಿತ್ತು.

"ಇಷ್ಟು ಸುಟ್ಟಿದೆ, ಉರಿ ಆಗ್ಲಿಲ್ವಾ ಅಜ್ಜ?" ಎಂದು ಆಸ್ಪತ್ರೆಯ ನರ್ಸಮ್ಮ ಕೇಳಿದಳು.

"ಇಲ್ಲ ಕಣವ್ವ. ಏನೂ ಗೊತ್ತಾಗಾಕಿಲ್ಲ."

ತಪ್ಪು ತನ್ನದು ಅನ್ನುವುದಕ್ಕೆ ಆ ಮನೆಯಲ್ಲಿ ಜನರ ಕೊರತೆಯಿರಲಿಲ್ಲ. ರಾಧಾಮಣಿ, ಎರಡು ದಿನ ಕಾಲು ನೋಡದಿದ್ದದ್ದು ತಾನು ಎಂದು ಅತ್ತಳು. ಮಾರಕ್ಕ ಮೊದಲು ಗಂಡನ ಮೇಲೆ ಹರಿಹಾಯ್ದಳು. "ದೇವ್ರ ಪಟಕ್ಕೆ ಒಂದಿನ ಕೈ ಮುಗಿದೋನಲ್ಲ. ನಿಂಗ್ಯಾವಾಗ ಬಂತು ಈ ಭಕ್ತಿ?" ಅವನು ಗೋಡೆ ನೋಡಿದ. ಆಮೇಲೆ ಅವಳು ಸೆರಗು ಬಾಯಿಗಿಟ್ಟುಕೊಂಡು, "ಮೆಟ್ಟು ಬಿಚ್ಚು ಬಿಚ್ಚು ಅಂತ ಬಡ್ಕಂತಿದ್ದೋಳು ನಾನೇ ಅಲ್ವಾ. ನನ್ನ ಬಾಯಿಗೆ ಬೆಂಕಿ ಹಾಕ" ಅಂದಳು. ಸಹನಾ ಮಾತ್ರ ಅಳಲಿಲ್ಲ. ಫೋನಿನಲ್ಲಿದ್ದ ವಿಡಿಯೊ ತೆಗೆದು, ಅದು ಎಷ್ಟು ನಿಮಿಷದ್ದು ಎಂದು ನೋಡಿ, "ಹದಿನಾಲ್ಕು ನಿಮಿಷ ಬಂಡೆ ಮೇಲೆ ನಿಲ್ಲಿಸಿದ್ದೀನಿ ನಾನು. ನಾನು ಹುಲ್ಲಲ್ಲಿ ನಿಂತಿದ್ದೆ" ಎಂದಳು.

ಮುತ್ತುರಾಜನಿಗೆ ಹೇಳಬೇಕೆಂದು ಬಾಯಿವರೆಗೆ ಬಂದದ್ದು ಅಪ್ಪನ ಮುಖ ನೋಡಿ ಒಳಗೆ ಹೋಯಿತು. ಮುದುಕ "ಸುಮ್ಕಿರು" ಎನ್ನುವಂತೆ ಒಂದು ಸಲ ರೆಪ್ಪೆ ಮುಚ್ಚಿ ತೆಗೆದಿದ್ದ. ಅಷ್ಟೇ ಸಾಕಾಯಿತು ಅವನಿಗೆ. ಹೇಡಿಗೆ ಯಾರಾದರೂ ಸುಮ್ಮನಿರು ಎಂದರೆ ಅದಕ್ಕಿಂತ ದೊಡ್ಡ ಉಪಕಾರ ಉಂಟೇ.

ಅಂದಿನಿಂದ ಕಾಲು ಕಟ್ಟುವ ಕೆಲಸ ಸಹನಾಳದಾಯಿತು. ನರ್ಸಮ್ಮನ ಹತ್ತಿರ ಕಲಿತುಕೊಂಡು ಬಂದಳು. ಬೆಳಿಗ್ಗೆ ಸಂಜೆ ಗಾಯ ತೊಳೆದು, ಮುಲಾಮು ಹಚ್ಚಿ, ಹೊಸ ಬಟ್ಟೆ ಸುತ್ತುತ್ತಿದ್ದಳು. ಅವಳು ತಟ್ಟೆ, ಕತ್ತರಿ ತಂದು ಕೂತ ಕೂಡಲೇ ಮುತ್ತುರಾಜನಿಗೆ ಹಾಲು ತರುವುದೋ, ಗಾಡಿ ಒರೆಸುವುದೋ ನೆನಪಾಗುತ್ತಿತ್ತು. ಗಾಯವನ್ನು ಅವನು ಒಂದು ದಿನವೂ ನೋಡಲಿಲ್ಲ. ಹುಡುಗಿ ಬೆಳಿಗ್ಗೆ ಒಂದು ಲೋಟ ಟೀ ಕುಡಿದರೆ ಮತ್ತೆ ಸಂಜೆಯವರೆಗೂ ಏನೂ ತಿನ್ನುತ್ತಿರಲಿಲ್ಲ. ಮಾರಕ್ಕ ಮೊಮ್ಮಗಳಿಗೆ ಇಷ್ಟವೆಂದು ಹುರುಳಿ ಬಸ್ಸಾರು ಮಾಡಿದಳು. ಸಹನಾ ಮುದ್ದೆ ಮುರಿದಂತೆ ಮಾಡಿ ತಟ್ಟೆ ಸರಿಸಿ ಎದ್ದಳು.

"ಉಣ್ಣೇ, ಉಪಾಸ ಬಿದ್ರೆ ತಾತನ ಕಾಲು ವಾಸಿ ಆಯ್ತದಾ?"

"ಹಸಿವಿಲ್ಲ ಅಜ್ಜಿ."

ಎರಡನೇ ವಾರದ ಕೊನೆಗೆ ಹೆಬ್ಬೆರಳು ಕಪ್ಪಾಯಿತು. ತುಮಕೂರಿಗೆ ಕರೆದುಕೊಂಡು ಹೋದರು. ಕೀವು ಮೂಳೆಗೆ ಇಳಿದಿದೆ, ಹೆಬ್ಬೆರಳೂ ಪಕ್ಕದ ಬೆರಳೂ ತೆಗೆಯಬೇಕು, ತಡ ಮಾಡಿದರೆ ಪಾದಕ್ಕೇ ಬರುತ್ತದೆ ಎಂದು ಡಾಕ್ಟರು ಹೇಳಿದರು. ಕಾಗದಕ್ಕೆ ಮುತ್ತುರಾಜ್ ಸಹಿ ಹಾಕಿದ. ಒಳಗೆ ಕರೆದುಕೊಂಡು ಹೋಗುವ ಮುಂಚೆ ಚಿಕ್ಕನರಸಯ್ಯ ಮಗನ ಕೈ ಎಳೆದುಕೊಂಡ.

"ಯಾರಿಗೂ ಏಳ್ಬ್ಯಾಡ ಕಣ್ಲಾ. ನಿನ್ನ ಹೆಂಡ್ತಿಗೆ ಗೊತ್ತಾದ್ರೆ ನಿನ್ನ ಮುಖ ನೋಡಾಕಿಲ್ಲ. ಎಲ್ಡು ಬೆರಳು ತಾನೇ, ಓಗ್ಲಿ ಬುಡು."

"ಅಪ್ಪಾ..."

"ಬುಡು ಅಂದ್ನಲ್ಲ."

ಹತ್ತು ದಿನಕ್ಕೆ ಮನೆಗೆ ಬಂದರು. ಅಷ್ಟರಲ್ಲಿ ಸಹನಾಳ ಪರೀಕ್ಷೆ ಹತ್ತಿರವಾಗಿತ್ತು. ಸೋಮವಾರ ಮೊದಲ ಪರೀಕ್ಷೆ, ಪ್ರಾಜೆಕ್ಟು ಕೊಡುವುದಕ್ಕೂ ಅದೇ ಕೊನೆಯ ದಿನ. ಅವಳು ಒಂದು ಹಾಳೆಯನ್ನೂ ಬರೆದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ದೋಸೆ ಹಾಕುತ್ತಿದ್ದ ಅಮ್ಮನಿಗೆ, ಹೇಳಿಯೂ ಹೇಳದ ಹಾಗೆ ಹೇಳಿದಳು.

"ನಾನು ಪರೀಕ್ಷೆ ಬರೆಯಲ್ಲ. ಕಾಲೇಜು ಬಿಡ್ತೀನಿ."

ರಾಧಾಮಣಿಯ ಕಾವಲಿಯ ಮೇಲಿದ್ದ ದೋಸೆ ಸೀದುಹೋಯಿತು. "ಏನಂದೆ?"

"ನನ್ನಿಂದ ಆಗಿದ್ದು. ತಾತನ್ನ ನಾನೇ ನೋಡ್ಕೋತೀನಿ. ಆ ಹೂವಿನ ಫೋಟೊ ಅಂಟಿಸಿ ಮಾರ್ಕ್ಸ್ ತಗೋಬೇಕಾ ನಾನು?"

"ರೀ, ಕೇಳಿಸ್ತಾ ನಿಮ್ಮ ಮಗಳು ಹೇಳಿದ್ದು?"

ಮುತ್ತುರಾಜ್ ಬಂದು ಬಾಗಿಲಲ್ಲಿ ನಿಂತ. ಮೇಷ್ಟ್ರ ದನಿ ತಂದುಕೊಂಡು, "ಇದ್ರಲ್ಲಿ ಯಾರ ತಪ್ಪೂ ಇಲ್ಲಮ್ಮ. ಹಣೆಬರಹ. ಹೋಗಿ ಓದ್ಕೋ" ಅಂದ.

"ತಪ್ಪಿಲ್ಲ ಅಂತ ನೀನು ಹೇಳಿದ್ರೆ ಆಗ್ಬುಡುತ್ತಾ ಅಪ್ಪ? ನಿಂಗೇನು ಗೊತ್ತು, ನಂಗೆ ಕಣ್ಣು ಮುಚ್ಚಿದ್ರೆ ಆ ಬಂಡೆನೇ ಬರುತ್ತೆ."

ಅವನಿಗೆ ಗೊತ್ತಿತ್ತು. ಅವನಿಗೂ ಅದೇ ಬರುತ್ತಿತ್ತು. ಆದರೂ ಬೈಕಿನ ಕೀಲಿ ತೆಗೆದುಕೊಂಡು ಶಾಲೆಗೆ ಹೋದ. ರಜೆಯ ದಿನಗಳು, ಶಾಲೆಯಲ್ಲಿ ಕೆಲಸವೇನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮಹಾಲಿಂಗಯ್ಯನವರು ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದರು. ಚಿಕ್ಕನರಸಯ್ಯನ ಮಂಚದ ಮೇಲೇ ಕೂತರು, ಮಾರಕ್ಕ ಕೊಟ್ಟ ಕಾಫಿ ಕುಡಿದರು. ಕಟ್ಟಿದ ಕಾಲು ನೋಡಿ ಬಹಳ ನೊಂದುಕೊಂಡರು.

"ಎಂಥ ಕೆಲಸ ಮಾಡ್ಕೊಂಡ್ರಿ ಹಿರಿಯರೇ! ನಮ್ಮ ತಂದೆಗೂ ಸಕ್ಕರೆ ಕಾಯಿಲೆ ಇತ್ತು. ಕೊನೆತನಕ ಚಪ್ಪಲಿ ಹಾಕ್ಕೊಂಡೇ ಗವಿ ಬಾಗಿಲಿಗೆ ಬರೋರು. ದೇವರಿಗೆ ಗೊತ್ತಾಗಲ್ವಾ ಯಾರಿಗೆ ಏನು ಕಷ್ಟ ಅಂತ? ನಿಮಗೂ ಇದೆ ಅಂತ ಅವತ್ತು ನಂಗೆ ಗೊತ್ತೇ ಇರ್ಲಿಲ್ಲ. ಗೊತ್ತಿದ್ದಿದ್ರೆ ಬೈದು ಹಾಕಿಸ್ತಿದ್ದೆ."

"ನಂದೇ ತಪ್ಪು ಬುಡಿ ಸಾರ್," ಅಂದ ಮುದುಕ.

ಬಾಗಿಲ ಹತ್ತಿರ ನಿಂತಿದ್ದ ಸಹನಾ, "ತಾತಂದಲ್ಲ ಸಾರ್, ನಂದು. ನಾನೇ ಬಿಸಿಲಲ್ಲಿ ನಿಲ್ಲಿಸಿದ್ದು" ಅಂದು ಒಳಗೆ ಹೋದಳು. ಮಹಾಲಿಂಗಯ್ಯನವರು ಮುತ್ತುರಾಜನ ಮುಖ ನೋಡಿದರು. ಅವನು ಅವರ ಖಾಲಿ ಲೋಟ ತೆಗೆದುಕೊಂಡು ಎದ್ದ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಮುದುಕನ ಮಂಚದ ಸುತ್ತ ಕೂತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಊಟ ಅಲ್ಲೇ. ಮುದ್ದೆ, ಸೊಪ್ಪಿನ ಸಾರು. ಸಹನಾ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು. ಅವಳ ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತಿತ್ತು. ಮುತ್ತುರಾಜ್ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ.

"ಚಪ್ಪಲಿ ಬಿಚ್ಚಿಸಿದ್ದು ನಾನು," ಅಂದ.

ಎಲ್ಲರೂ ಅವನ ಕಡೆ ತಿರುಗಿದರು.

"ಅಪ್ಪ ಹಾಕ್ಕಂಡೇ ಹೊರಟಿದ್ದ. ಡಾಕ್ಟ್ರು ಹೇಳವ್ರೆ ಅಂತಾನೂ ಅಂದ. ನಾನು ಬಿಚ್ಚು ಅಂದೆ. ಹೆಡ್‌ಮಾಷ್ಟ್ರು ಏನಂದ್ಕೋತಾರೋ ಅಂತ. ನಾನೇ ತಗಂಡೋಗಿ ಗಾಡೀಲಿಟ್ಟೆ."

"ಲೇ, ಸುಮ್ಕಿರ್ಲಾ," ಅಂದ ಚಿಕ್ಕನರಸಯ್ಯ.

"ಎಷ್ಟು ದಿನ ಸುಮ್ಕಿರ್ಲಿ ಅಪ್ಪಾ?"

ರಾಧಾಮಣಿ ಎಂಜಲ ಕೈಯಲ್ಲೇ ಗಂಡನನ್ನು ನೋಡಿದಳು. "ಹಾಕ್ಕೊಂಡೇ ಬರ್ಲಿ ಅಂತ ನಿಮ್ಮ ಕಿವೀಲಿ ಹೇಳಿ ಹೋದ್ನಲ್ಲ ರೀ ನಾನು. ತಲೆ ಆಡಿಸಿದ್ರಲ್ಲ ನೀವು." ಮಾರಕ್ಕ ಹಣೆ ಹಣೆ ಬಡಿದುಕೊಂಡಳು. ಮಗನಿಗೆ ಬೈಯಲು ಬಾಯಿ ತೆಗೆದವಳು ಬೈಗುಳವೇ ಸಿಗದೆ ಗಂಡನ ಕಡೆ ತಿರುಗಿ, "ನೀನೂ ಅವನೂ ಸೇರ್ಕಂಡು ನಮ್ಮ ಹೊಟ್ಟೆ ಉರಿಸಿದ್ರಲ್ಲ" ಅಂದಳು.

ಸಹನಾ ನಿಧಾನವಾಗಿ ತಲೆಯೆತ್ತಿದಳು. ಅವಳ ಮುಖದಲ್ಲಿ ಹಗುರಾದ ಗುರುತು ಇರುತ್ತದೆ ಎಂದು ಮುತ್ತುರಾಜ್ ಆಸೆಯಿಂದ ನೋಡಿದ. ಇರಲಿಲ್ಲ.

"ತಾತನ ಕಾಲು ಸುಡುತ್ತೆ ಅಂತ ಅವತ್ತು ನಿಂಗೆ ಗೊತ್ತಿರ್ಲಿಲ್ಲ ಅಪ್ಪ. ಅದು ಹೋಗ್ಲಿ," ಅಂದಳು. "ನಾನು ಉಣ್ಣದೆ ಇರೋದು ನಿಂಗೆ ಗೊತ್ತಿತ್ತು. ನಾನು ಕಾಲೇಜು ಬಿಡ್ತೀನಿ ಅಂದಾಗ ನೀನು ಬಾಗಿಲಲ್ಲೇ ನಿಂತಿದ್ದೆ. ದಿನಾ ನೋಡ್ತಾನೇ ಇದ್ದೆ ನೀನು."

ಅವಳು ಮಂಚದ ಕಡೆ ತಿರುಗಿದಳು.

"ತಾತ, ನಿಂಗೂ ಗೊತ್ತಿತ್ತು."

"ಹೂಂ ಕಣಮ್ಮ," ಅಂದ ಚಿಕ್ಕನರಸಯ್ಯ. "ಮಗನ್ನ ಉಳಿಸ್ಕಳಾಕೋಗಿ ನಿನ್ನ ಉರಿಸ್ಬುಟ್ಟೆ. ಕಾಲು ಉರಿದಿದ್ದು ಗೊತ್ತಾಗ್ಲಿಲ್ಲ. ಇದು ಗೊತ್ತಾಗ್ತಿತ್ತು. ಆದ್ರೂ ಸುಮ್ಕಿದ್ದೆ." ಇಷ್ಟು ದಿನದಲ್ಲಿ ಅವನು ಅತ್ತದ್ದು ಅದೇ ಮೊದಲು.

ಸಹನಾ ಅವನ ಕಣ್ಣೊರೆಸಲಿಲ್ಲ. ತನ್ನ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ತಲೆ ತಗ್ಗಿಸಿ, ತುತ್ತು ತುತ್ತಾಗಿ, ಮುದ್ದೆಯನ್ನು ಪೂರ್ತಿ ಉಂಡಳು. ನೋಡುತ್ತಿದ್ದ ಮಾರಕ್ಕ ಇನ್ನೊಂದು ಸೌಟು ಸಾರು ಬಿಟ್ಟಳು. ಉಂಡು, ಕೈತೊಳೆದು, ಒಳಗಿನಿಂದ ಕತ್ತರಿ, ಹತ್ತಿ, ಮುಲಾಮು ಇಟ್ಟಿದ್ದ ತಟ್ಟೆಯನ್ನು ತಂದು ಸಹನಾ ಅಪ್ಪನ ಮುಂದೆ ಇಟ್ಟಳು.

"ನಾಳೆಯಿಂದ ಪರೀಕ್ಷೆಗೆ ಹೋಗ್ತೀನಿ. ಇವತ್ತಿಂದ ನೀನೇ ಕಟ್ಟು."

ಮುತ್ತುರಾಜ್ ಮಂಚದ ಕೆಳಗೆ ನೆಲದ ಮೇಲೆ ಕೂತು ಅಪ್ಪನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಸುತ್ತು ಸುತ್ತಾಗಿ ಬಟ್ಟೆ ಬಿಚ್ಚಿದ. ಕೊನೆಯ ಸುತ್ತು ಕೈಗೆ ಬಂದಾಗ ಎರಡು ಬೆರಳುಗಳಿದ್ದ ಜಾಗ ಕಾಣಿಸಿತು. ಹೊಲಿಗೆ ಹಾಕಿದ ಕೆಂಪು ಮಾಂಸ ಕಾಣಿಸಿತು. ಎದ್ದುಹೋಗಲು ಅವನಿಗೆ ಈಗ ಯಾವ ಕೆಲಸವೂ ನೆನಪಾಗಲಿಲ್ಲ. ಹತ್ತಿ ಅದ್ದಿ ಗಾಯದ ಅಂಚು ಮುಟ್ಟಿದ. ಮುದುಕ ಕಿಟಕಿಯ ಕಡೆ ನೋಡುತ್ತ ಕೂತಿದ್ದ.

"ನೋಯ್ತಾ ಅಪ್ಪಾ?"

"ಇಲ್ಲ ಕಣ್ಲಾ. ಮುಟ್ಟಿದ್ಯಾ ನೀನು?"

ಮುತ್ತುರಾಜ್ ಹೊಸ ಬಟ್ಟೆ ತೆಗೆದು ಸುತ್ತತೊಡಗಿದ. ಜಾರಿ ಹೋಗಬಾರದೆಂದು ಗಟ್ಟಿಯಾಗಿ ಎಳೆದ.

"ಅಷ್ಟು ಬಿಗಿ ಮಾಡ್ಬ್ಯಾಡ," ಎಂದಳು ಸಹನಾ, ಪುಸ್ತಕ ಹಿಡಿದು ನಿಂತಲ್ಲಿಂದಲೇ. "ತಾತಂಗೆ ಗೊತ್ತಾಗಲ್ಲ. ನಿಂಗೇ ಗೊತ್ತಾಗ್ಬೇಕು."